ಸುರಂಗದ ಬಾಯಿಯ ಡಯಾಟಮ್: ಉದ್ದ ಬಿಟ್ಟು ಗೆರೆ ಎಣಿಸಿದೆ

ಕಾಸರಗೋಡಿನ ಬಾಯಾರು ಊರಿನಲ್ಲಿ ಮಾವನ ತೋಟದ ಮೇಲೆ ಒಂದು ಹಳೆಯ ಸುರಂಗ ಇದೆ. ನೀರಿಗಾಗಿ ಮುರಕಲ್ಲಿನ ಗುಡ್ಡವನ್ನು ಅಡ್ಡಕ್ಕೆ ಕೊರೆದದ್ದು. ಮಳೆ ನಿಂತ ಮೇಲೂ ಬಾಯಿಯ ಗೋಡೆ ಒಸರುತ್ತಲೇ ಇರುತ್ತದೆ. ಅಲ್ಲಿ ಕೈಯಿಟ್ಟರೆ ಜಾರುವ ಕಂದು ಪೊರೆಯಲ್ಲಿ ಡಯಾಟಮ್‌ಗಳಿರುತ್ತವೆ. ಗಾಜಿನಂಥ ಸಿಲಿಕಾ ಚಿಪ್ಪಿನೊಳಗೆ ಬದುಕುವ ಒಂಟಿ ಕೋಶದ ಪಾಚಿ ಅದು.

"ಒಳಗೆ ಹೋಗಿ ಕಲಕಬೇಡ ಮಾರಾಯ, ಕುಡಿಯುವ ನೀರು" ಎಂದರು ಮಾವ. ಒಳಗೆ ಹೋಗುವ ಅಗತ್ಯವೂ ಇರಲಿಲ್ಲ. ಡಯಾಟಮ್‌ಗೆ ಬೆಳಕು ಬೇಕು, ಬಾಯಿಯ ಹತ್ತಿರವೇ ಸಿಗುತ್ತದೆ. ಹೊಸ ಟೂತ್‌ಬ್ರಷ್‌ನಿಂದ ಉಜ್ಜಿ ಬಾಟಲಿಗೆ ತುಂಬಿಸಿಕೊಂಡೆ. ಒಂದು ಜಾಗಕ್ಕೆ ಒಂದೇ ಬ್ರಷ್. ಇಲ್ಲದಿದ್ದರೆ ಹಿಂದಿನ ತೋಡಿನದ್ದೂ ಬಂದು ಸೇರುತ್ತದೆ.

ಚಿಪ್ಪಿನ ಕೆತ್ತನೆ ಕಾಣಬೇಕಾದರೆ ಒಳಗಿನ ಜೀವವಸ್ತು ಹೋಗಬೇಕು. ಲ್ಯಾಬ್‌ನಲ್ಲಿ, ಹೊಗೆ ಹೀರುವ ಕಪಾಟಿನೊಳಗೆ, ಕೈಗವಸು ಕನ್ನಡಕ ಹಾಕಿಕೊಂಡು ಹೈಡ್ರೋಜನ್ ಪೆರಾಕ್ಸೈಡಿನಲ್ಲಿ ಬಿಸಿ ಮಾಡಿದೆ. ಆಮೇಲೆ ರಾತ್ರಿಯಿಡೀ ತಳಕ್ಕೆ ಕೂರಲು ಬಿಟ್ಟು, ಮೇಲಿನ ನೀರು ಚೆಲ್ಲಿ ಮತ್ತೆ ತೊಳೆಯಬೇಕು. ಮೊದಲ ಸಲ ಬಾವಿ ನೀರಿನಲ್ಲಿ ತೊಳೆದು ಪೆಟ್ಟು ತಿಂದೆ. ಬಾವಿ ನೀರಿನಲ್ಲೂ ಡಯಾಟಮ್ ಇರುತ್ತದೆ ಅಲ್ವಾ? ಸುರಂಗದ್ದು ಯಾವುದು, ಬಾವಿಯದ್ದು ಯಾವುದು ಗೊತ್ತಾಗದೆ ಅಷ್ಟನ್ನೂ ಎಸೆದೆ. ಈಗ ಡಿಸ್ಟಿಲ್ಡ್ ವಾಟರ್ ಮಾತ್ರ.

ಸ್ಲೈಡಿಗೆ ನಾಫ್ರಾಕ್ಸ್ ಅಂಟು ಹಾಕುತ್ತೇನೆ. ಸಾಮಾನ್ಯ ಅಂಟಿನಲ್ಲಿ ಸಿಲಿಕಾ ಹೆಚ್ಚುಕಡಿಮೆ ಮಾಯವಾಗುತ್ತದೆ. ನಾಫ್ರಾಕ್ಸ್ ಬೆಳಕನ್ನು ಸಿಲಿಕಾಕ್ಕಿಂತ ತುಂಬಾ ಜಾಸ್ತಿ ಬಗ್ಗಿಸುವುದರಿಂದ ಚಿಪ್ಪಿನ ಮೇಲಿನ ಅಡ್ಡ ಗೆರೆಗಳು ಎದ್ದು ನಿಲ್ಲುತ್ತವೆ.

ಎಣ್ಣೆ ಹಾಕಿ 1000 ಪಟ್ಟು ದೊಡ್ಡದಾಗಿಸಿ ನೋಡಿದಾಗ ಕಂಡದ್ದು ಬಾಗಿದ ಬಾಳೆಹಣ್ಣಿನಂಥ ಚಿಪ್ಪು, ಬೆನ್ನ ಮೇಲೆ ಎರಡು ಉಬ್ಬು. ರಾಫೆ ಎಂಬ ಸೀಳು ನಡುವೆ ಉದ್ದಕ್ಕೆ ಓಡಿರಲಿಲ್ಲ, ಎರಡು ತುದಿಗಳಲ್ಲಿ ಚಿಕ್ಕದಾಗಿತ್ತು. ಅಲ್ಲಿಗೆ ಯುನೋಷಿಯಾ ಕುಲ ಎಂದು ಖಚಿತ. ಖನಿಜ ಕಡಿಮೆಯಿರುವ, ಸ್ವಲ್ಪ ಹುಳಿಯ ನೀರು ಈ ಕುಲದ ಹೆಚ್ಚಿನವಕ್ಕೆ ಇಷ್ಟ.

ತೊಡಕು ಬಂದದ್ದು ಜಾತಿ ಗುರುತಿಸುವಾಗ. ಒಂದು 45 ಮೈಕ್ರೋಮೀಟರ್ ಉದ್ದ, ಇನ್ನೊಂದು 22. ಎರಡು ಜಾತಿ ಎಂದೇ ಬರೆದಿಟ್ಟೆ. ತಪ್ಪು. ಚಿಪ್ಪಿಗೆ ಮುಚ್ಚಳ, ತಳ ಎಂದು ಎರಡು ಭಾಗ, ನಮ್ಮ ಅಜ್ಜಿಯ ಎಲೆಅಡಿಕೆ ಕರಡಿಗೆಯ ಹಾಗೆ. ಕೋಶ ಸೀಳಿದಾಗ ಎರಡು ಮರಿಗೂ ಒಂದೊಂದು ಹಳೆಯ ಭಾಗ ಸಿಗುತ್ತದೆ. ಅದು ಮುಚ್ಚಳವಾಗಿ, ಅದರೊಳಗೆ ಹೊಸ ತಳ ಬೆಳೆಯುತ್ತದೆ. ಹಳೆಯ ತಳವೇ ಮುಚ್ಚಳವಾದ ಮರಿ ಸ್ವಲ್ಪ ಚಿಕ್ಕದಾಗುತ್ತದೆ. ಹೀಗೆ ತಲೆಮಾರಿನಿಂದ ತಲೆಮಾರಿಗೆ ಕುಗ್ಗುತ್ತವೆ. 1869ರಲ್ಲೇ ಮ್ಯಾಕ್‌ಡೊನಾಲ್ಡ್ ಮತ್ತು ಫಿಟ್ಜರ್ ಇದನ್ನು ಬೇರೆ ಬೇರೆಯಾಗಿ ವಿವರಿಸಿದ್ದರು. ಉದ್ದ ಕುಗ್ಗಿದರೂ ಗೆರೆಗಳ ದಟ್ಟಣೆ ಅಷ್ಟಾಗಿ ಬದಲಾಗುವುದಿಲ್ಲ. 10 ಮೈಕ್ರೋಮೀಟರಿಗೆ ಎಷ್ಟು ಗೆರೆ ಎಂದು ನಡುಭಾಗದಲ್ಲಿ ಎಣಿಸಬೇಕು. ಎಣಿಸಿದೆ. ದೊಡ್ಡದರಲ್ಲೂ ಚಿಕ್ಕದರಲ್ಲೂ 10 ಅಥವಾ 11. ಉದ್ದದ ಸಾಲಿನಲ್ಲಿ ಜೋಡಿಸಿದರೆ ನಡುವಿನ ಗಾತ್ರದವೂ ಸಿಕ್ಕವು.

ಆಯತದಂತೆ ಕಂಡ ಇನ್ನಷ್ಟು ಚಿಪ್ಪುಗಳೂ ಇದರದ್ದೇ, ಪಕ್ಕಕ್ಕೆ ಮಲಗಿದ್ದವು ಅಷ್ಟೇ. ಕವರ್‌ಸ್ಲಿಪ್ ಮೇಲೆ ಹಸಿ ಹನಿ ಇರುವಾಗಲೇ ಮೆಲ್ಲಗೆ ತಟ್ಟಿದರೆ ಕೆಲವು ಹೊರಳುತ್ತವೆ.

ಪಶ್ಚಿಮಘಟ್ಟದ ಡಯಾಟಮ್‌ಗಳನ್ನು ವರ್ಷಗಟ್ಟಲೆ ನೋಡಿ ವಿವರಿಸಿದ ಎಚ್.ಪಿ. ಗಾಂಧಿಯವರ ಚಿತ್ರಗಳನ್ನು ಪಕ್ಕದಲ್ಲಿಟ್ಟು ಹೋಲಿಸಿದೆ. ಹತ್ತಿರ ಬಂತು, ಪೂರ್ತಿ ಕೂಡಲಿಲ್ಲ. ತುದಿಯಲ್ಲಿರುವ ತುಟಿಯಂಥ ರಂಧ್ರ ನೋಡಲು ಎಲೆಕ್ಟ್ರಾನ್ ಸೂಕ್ಷ್ಮದರ್ಶಕ ಬೇಕು. ಅಲ್ಲಿಯವರೆಗೆ ಸ್ಲೈಡಿನ ಚೀಟಿಯಲ್ಲಿ ಇಷ್ಟೇ ಇದೆ: ಯುನೋಷಿಯಾ, ಎರಡು ಉಬ್ಬು, ಗೆರೆ 10–11, ಬಾಯಾರು, ಸುರಂಗದ ಬಾಯಿ, ಎಡಗೋಡೆ.