ಮಗುವಿನ ಟೋಟಲ್ ಕೌಂಟ್: ನಾನು ವರದಿ ನೋಡುವ ಕ್ರಮ

ಮಗುವಿನ ಸಿಬಿಸಿ (ರಕ್ತಕಣಗಳನ್ನು ಎಣಿಸುವ ಪರೀಕ್ಷೆ) ವರದಿ ಕೈಗೆ ಬಂದರೆ ದಪ್ಪಕ್ಷರದ ‘ಹೈ’, ‘ಲೋ’ ಗುರುತು ಬಿಟ್ಟು ಮೊದಲು ವಯಸ್ಸು ನೋಡುತ್ತೇನೆ. ಎಷ್ಟೋ ಲ್ಯಾಬ್‌ಗಳು ಟೋಟಲ್ ಕೌಂಟ್, ಅಂದರೆ ಒಟ್ಟು ಬಿಳಿ ರಕ್ತಕಣಗಳ ಪಕ್ಕದಲ್ಲಿ ಅಚ್ಚು ಹಾಕುವುದು ದೊಡ್ಡವರ ಮಿತಿ, ಒಂದು ಮೈಕ್ರೋಲೀಟರ್ ರಕ್ತಕ್ಕೆ 4,000ದಿಂದ 11,000. ಎರಡು ವರ್ಷದ ಮಗುವಿಗೆ ಸುಮಾರು 6,000ದಿಂದ 17,000 ಸಹಜ. ಹುಟ್ಟಿದ ದಿನ 30,000 ಇದ್ದರೂ ಇರಬಹುದು.

ಆಮೇಲೆ ಲಿಂಫೊಸೈಟ್, ನ್ಯೂಟ್ರೊಫಿಲ್ ಮುಂತಾದ ಬಿಳಿ ಕಣದ ಬಗೆಗಳ ಶೇಕಡಾವನ್ನು ಸಂಖ್ಯೆಗೆ ತರುತ್ತೇನೆ. ಎರಡು ವರ್ಷದ ಮಗು, ಟೋಟಲ್ 13,000, ಲಿಂಫೊಸೈಟ್ ಶೇ. 60, ನ್ಯೂಟ್ರೊಫಿಲ್ ಶೇ. 32 ಎನ್ನಿ. ಗುಣಿಸಿದರೆ 7,800 ಮತ್ತು 4,160. ಎರಡೂ ಆ ವಯಸ್ಸಿಗೆ ಸರಿ. ನಾಲ್ಕೈದು ವರ್ಷದವರೆಗೆ ಲಿಂಫೊಸೈಟ್‌ಗಳದೇ ಮೇಲುಗೈ, ಅದು ಕಾಯಿಲೆಯಲ್ಲ. ಟೋಟಲ್ 3,200, ನ್ಯೂಟ್ರೊಫಿಲ್ ಶೇ. 20 ಇದ್ದರೆ ಉಳಿಯುವುದು 640. ವೈರಲ್ ಜ್ವರದ ನಂತರ ಹೀಗಾಗುವುದುಂಟು. ಮಗು ಆಡಿಕೊಂಡಿದ್ದರೆ ಒಂದೆರಡು ವಾರ ಬಿಟ್ಟು ಮತ್ತೆ ಪರೀಕ್ಷೆ. ಇದು 500ಕ್ಕಿಂತ ಕೆಳಗಿಳಿದು ಜ್ವರವೂ ಇದ್ದರೆ ಮಾತ್ರ ಕಾಯುವಂತಿಲ್ಲ, ಅದೇ ಗಳಿಗೆ ಆಸ್ಪತ್ರೆ.

ಕೌಂಟ್ ಜಾಸ್ತಿ ಎಂದ ಕೂಡಲೇ ಆಂಟಿಬಯೋಟಿಕ್ ಬರೆಯುವುದು ನನಗೆ ಒಪ್ಪಿಗೆಯಿಲ್ಲ. ಸೂಜಿ ಕಂಡು ಕಿರುಚಾಡಿದ ಮಗುವಿಗೂ, ಉಬ್ಬಸಕ್ಕೆ ಸ್ಟೀರಾಯ್ಡ್ ಕುಡಿದ ಮಗುವಿಗೂ ನ್ಯೂಟ್ರೊಫಿಲ್ ಏರುತ್ತದೆ.

ಯಂತ್ರವೂ ಮೋಸಹೋಗುತ್ತದೆ. ಬೆರಳು ಹಿಂಡಿ ತೆಗೆದ ರಕ್ತ ನೇರಳೆ ಮುಚ್ಚಳದ (ಹೆಪ್ಪುಗಟ್ಟದಂತೆ ರಾಸಾಯನಿಕ ಹಾಕಿದ) ಟ್ಯೂಬಿನಲ್ಲಿ ಸರಿಯಾಗಿ ಬೆರೆಯದಿದ್ದರೆ ಪ್ಲೇಟ್‌ಲೆಟ್ ಗುಂಪುಗಟ್ಟಿ, ಆ ಗುಂಪುಗಳೇ ಬಿಳಿ ಕಣಗಳೆಂದು ಎಣಿಕೆಯಾಗಬಹುದು. ತಲಸ್ಸೀಮಿಯಾ (ಹುಟ್ಟಿನಿಂದ ಬರುವ ರಕ್ತಹೀನತೆ) ಇರುವ ಮಕ್ಕಳಲ್ಲಿ, ನವಜಾತ ಶಿಶುಗಳಲ್ಲಿ ಕೋಶಕೇಂದ್ರವಿರುವ ಕೆಂಪು ಕಣಗಳೂ ಹಾಗೆಯೇ. ನೂರು ಬಿಳಿ ಕಣಕ್ಕೆ ಅಂಥವು 50 ಇದ್ದರೆ, ತಿದ್ದದೆ ಬಂದ 30,000ವನ್ನು ನೂರರಿಂದ ಗುಣಿಸಿ 150ರಿಂದ ಭಾಗಿಸಬೇಕು. ನಿಜವಾದ ಕೌಂಟ್ 20,000. ಹೊಸ ಯಂತ್ರಗಳು ಕೆಲವು ತಾವೇ ತಿದ್ದಿಕೊಡುತ್ತವೆ, ಕೇಳಿಕೊಂಡು ಲೆಕ್ಕ ಹಾಕಿ.

ಹಾಗಾಗಿ ಅನುಮಾನ ಬಂದಲ್ಲೆಲ್ಲ ಸ್ಮಿಯರ್, ಅಂದರೆ ರಕ್ತವನ್ನು ಗಾಜಿನ ಮೇಲೆ ತೆಳ್ಳಗೆ ಹರಡಿ ಸೂಕ್ಷ್ಮದರ್ಶಕದಲ್ಲಿ ನೋಡುವುದು, ಬೇಕು. ರಕ್ತ ತೆಗೆದ ಎರಡು-ಮೂರು ಗಂಟೆಯೊಳಗೆ ಗಾಜಿನ ಮೇಲೆ ಎಳೆಸುತ್ತೇನೆ; ತಡವಾದರೆ ಕಣಗಳು ಊದಿಕೊಂಡು ಆಕಾರ ಕೆಡುತ್ತದೆ. ಬ್ಲಾಸ್ಟ್ ಕಣಗಳನ್ನು (ಲುಕೇಮಿಯಾದಲ್ಲಿ ಕಾಣುವ ಬಲಿಯದ ಎಳೆ ಕಣಗಳು) ಯಂತ್ರ ಕೆಲವೊಮ್ಮೆ ಲಿಂಫೊಸೈಟ್ ಲೆಕ್ಕಕ್ಕೆ ಸೇರಿಸಿಬಿಡುತ್ತದೆ. ಲುಕೇಮಿಯಾದಲ್ಲಿ, ಅಂದರೆ ರಕ್ತದ ಕ್ಯಾನ್ಸರಿನಲ್ಲಿ, ಟೋಟಲ್ ಕೌಂಟ್ ಸಹಜವಾಗಿಯೋ ಕಡಿಮೆಯೋ ಇರಬಹುದು. ಅದಕ್ಕೇ ಹಿಮೋಗ್ಲೋಬಿನ್, ಪ್ಲೇಟ್‌ಲೆಟ್ ಎರಡೂ ಇಳಿದಿವೆಯೇ ಎಂದು ಜೊತೆಗೇ ನೋಡುವುದು. ಡೆಂಗಿಯಲ್ಲೂ ಬಿಳಿ ಕಣ, ಪ್ಲೇಟ್‌ಲೆಟ್ ಇಳಿಯುತ್ತವೆ, ಆದರೆ ಕೆಲವೇ ದಿನಗಳಲ್ಲಿ ಏರತೊಡಗುತ್ತವೆ. ಮಗು ಬಿಳಿಚಿಕೊಂಡು, ಮೈಮೇಲೆ ಕೆಂಪು ಚುಕ್ಕೆ, ರಾತ್ರಿ ಕಾಲುನೋವು, ಗಡ್ಡೆ ಕಟ್ಟಿದ ಗ್ರಂಥಿಗಳು ಇದ್ದರೆ ಸ್ಮಿಯರ್ ನೋಡುವವರೆಗೆ ಒಂದು ಚಮಚ ಸ್ಟೀರಾಯ್ಡ್ ಕೂಡ ಕೊಡಿಸುವುದಿಲ್ಲ: ಬ್ಲಾಸ್ಟ್‌ಗಳು ತಾತ್ಕಾಲಿಕವಾಗಿ ಕರಗಿ, ಮೂಳೆಮಜ್ಜೆ ಪರೀಕ್ಷೆಯಲ್ಲೂ ರೋಗ ಕಾಣದೆ ಹೋಗಬಹುದು.