ಹೀಟರ್ ಹಾಕದಿದ್ದರೂ ಹೀಟರ್ ಹೋಸ್ ನೋಡಿ

ಕಾಸರಗೋಡಿನ ಸೆಖೆಗೆ ಕಾರಿನಲ್ಲಿ ಹೀಟರ್ ಯಾರು ಹಾಕುತ್ತಾರೆ ಅಲ್ವಾ? ಆದರೆ ಹೆಚ್ಚಿನ ಕಾರುಗಳಲ್ಲಿ ಹೀಟರ್ ಹಾಕಿದರೂ ಹಾಕದಿದ್ದರೂ ಅದರ ಎರಡು ರಬ್ಬರ್ ಹೋಸ್‌ಗಳಲ್ಲಿ ಬಿಸಿ ಕೂಲಂಟ್ (ಎಂಜಿನ್ ತಣಿಸುವ ದ್ರವ) ಓಡುತ್ತಲೇ ಇರುತ್ತದೆ. ಸಂಪಾಜೆ ಘಾಟಿ ಹತ್ತುವಾಗ ಒಂದು ಒಡೆದರೂ ಎಂಜಿನ್ ಕುದಿಯುತ್ತದೆ.

ಕಾರಿನಡಿ ನೀರು ಕಂಡ ಕೂಡಲೇ ಗಾಬರಿ ಬೇಡ. ಎಸಿ ಹಾಕಿದರೆ ನಮ್ಮ ಹವೆಗೆ ನೀರು ತೊಟ್ಟಿಕ್ಕುವುದು ಸಹಜ. ಮುಟ್ಟಿ ನೋಡಿ. ಎಸಿ ನೀರಿಗೆ ಬಣ್ಣ ಇಲ್ಲ. ಕೂಲಂಟ್ ಹೆಚ್ಚಾಗಿ ಹಸಿರೋ ಕೆಂಪೋ ಇದ್ದು ಜಾರುತ್ತದೆ, ಸಿಹಿ ವಾಸನೆ ಬರುತ್ತದೆ. ಅದು ವಿಷ, ನಾಯಿ ಬೆಕ್ಕು ನೆಕ್ಕುವ ಮೊದಲೇ ತೊಳೆದುಬಿಡಿ. ಬಾನೆಟ್ ಎತ್ತಿ ಹೋಸ್‌ನ ಎರಡೂ ತುದಿ ನೋಡಿ: ಒಣಗಿದ ಕಲೆ, ಬಿರುಕು, ಊದಿಕೊಂಡ ಜಾಗ. ಅಡಿಕೆ ಕೊಟ್ಟಿಗೆಯ ಪಕ್ಕ ನಿಲ್ಲಿಸುವವರು ಇಲಿ ಕಡಿದಿದೆಯಾ ಅಂತಲೂ ನೋಡಿ. ಒಳಗೆ ಮ್ಯಾಟ್ ಒದ್ದೆಯಾಗಿ ಸಿಹಿ ವಾಸನೆ ಬಂದರೆ ತೊಂದರೆ ಹೆಚ್ಚಾಗಿ ಹೋಸ್‌ನದ್ದಲ್ಲ, ಹೀಟರ್ ಕೋರ್‌ನದ್ದು (ಬಿಸಿ ಕೂಲಂಟಿನಿಂದ ಗಾಳಿ ಬಿಸಿ ಮಾಡುವ ಪುಟ್ಟ ರೇಡಿಯೇಟರ್). ಅದಕ್ಕೆ ಎಷ್ಟೋ ಕಾರುಗಳಲ್ಲಿ ಡ್ಯಾಶ್‌ಬೋರ್ಡನ್ನೇ ಬಿಚ್ಚಬೇಕು, ವರ್ಕ್‌ಶಾಪಿಗೇ ಕೊಡಿ.

ಹೋಸ್ ಬದಲಿಸಲು ಎಂಜಿನ್ ಪೂರ್ತಿ ತಣ್ಣಗಿರಬೇಕು. ಬಿಸಿ ಇರುವಾಗ ಕೂಲಂಟ್ ತುಂಬುವ ಮುಚ್ಚಳ ತೆಗೆದರೆ ಮುಖಕ್ಕೇ ಚಿಮ್ಮುತ್ತದೆ. ಕೆಳಗೆ ಬೇಸಿನ್ ಇಟ್ಟು ಕೂಲಂಟ್ ಇಳಿಸಿ, ಕ್ಲಾಂಪನ್ನು (ಹೋಸ್ ಬಿಗಿದಿರುವ ಬಳೆ) ಹಿಂದೆ ಸರಿಸಿ, ಹೋಸನ್ನು ತಿರುಗಿಸಿ ಸಡಿಲ ಮಾಡಿ. ಬರದಿದ್ದರೆ ಜಗ್ಗಬೇಡಿ. ಹೀಟರ್ ಕೋರ್‌ನ ಪೈಪ್ ತೆಳು, ಬಾಗಿದರೆ ನೂರರ ಕೆಲಸ ಸಾವಿರಕ್ಕೆ ಹೋಗುತ್ತದೆ. ಹೇಗೂ ಬಿಸಾಡುವ ಹೋಸ್, ಬ್ಲೇಡಿನಿಂದ ಉದ್ದಕ್ಕೆ ಸೀಳಿ ಬಿಡಿಸಿ, ಆದರೆ ಬ್ಲೇಡ್ ಪೈಪಿಗೆ ತಾಗದಿರಲಿ. ಹಳೆಯದನ್ನೇ ಅಂಗಡಿಗೆ ಒಯ್ದು ಅದೇ ಅಳತೆ, ಅದೇ ಬಾಗಿನದ್ದು ತನ್ನಿ (ಕಾರು ಮನೆಯಲ್ಲೇ ಇರುತ್ತದಲ್ಲ, ಸ್ಕೂಟರ್ ಸಿಗುವ ದಿನ ಕೆಲಸ ಹಿಡಿಯಿರಿ). ಒಂದು ಹಳತಾಗಿದ್ದರೆ ಇನ್ನೊಂದೂ ಹಳತೇ, ಎರಡೂ ಬದಲಿಸಿ. ಕ್ಲಾಂಪ್ ಹೊಸದೇ ಹಾಕಿ. ಸ್ಕ್ರೂ ಇರುವುದಾದರೆ ರಬ್ಬರ್ ಕತ್ತರಿಸುವಷ್ಟು ಬಿಗಿಯಬೇಡಿ.

ಕೂಲಂಟ್ ತುಂಬುವಾಗ ಸುರಂಗದ (ಗುಡ್ಡಕ್ಕೆ ಅಡ್ಡವಾಗಿ ಕೊರೆದ ಬಾವಿಯ) ನೀರು ಎಷ್ಟು ತಿಳಿಯಾಗಿದ್ದರೂ ಬೇಡ, ಬೋರ್‌ವೆಲ್‌ದಂತೂ ಬೇಡವೇ ಬೇಡ, ಒಳಗೆ ಪದರ ಕಟ್ಟುತ್ತದೆ. ಕಾರಿನ ಪುಸ್ತಕದಲ್ಲಿ ಹೇಳಿದ ಕೂಲಂಟಿಗೆ ಡಿಸ್ಟಿಲ್ಡ್ ವಾಟರ್ ಸೇರಿಸಿ, ಸಾಮಾನ್ಯವಾಗಿ ಅರ್ಧಕ್ಕರ್ಧ. ಮೊದಲೇ ಬೆರೆಸಿದ ಕ್ಯಾನ್ ಆದರೆ ನೀರು ಬೇಡ. ಆಮೇಲೆ ಹೀಟರನ್ನು ಪೂರ್ತಿ ಬಿಸಿಗೆ ತಿರುಗಿಸಿ, ಮುಚ್ಚಳ ತೆರೆದೇ ಎಂಜಿನ್ ಚಾಲೂ ಮಾಡಿ. ಗುಳ್ಳೆ ಬರುವುದು ನಿಲ್ಲುವವರೆಗೆ ಮಟ್ಟ ಇಳಿದ ಹಾಗೆ ತುಂಬುತ್ತಾ ಬನ್ನಿ, ಬಗ್ಗಿ ನೋಡಬೇಡಿ. ಮುಚ್ಚಳ ಹಾಕಿ ರೇಡಿಯೇಟರ್ ಫ್ಯಾನ್ ತಿರುಗುವವರೆಗೆ ಬಿಟ್ಟು, ಎರಡೂ ತುದಿಯಲ್ಲಿ ಜಿನುಗುತ್ತಿದೆಯಾ ನೋಡಿ. ಮರುದಿನ ಬೆಳಿಗ್ಗೆ ತಣ್ಣಗಿರುವಾಗ ಮಟ್ಟ ಕಡಿಮೆಯಾಗಿದ್ದರೆ ಸ್ವಲ್ಪ ಸೇರಿಸಿ. ಮತ್ತೂ ಇಳಿಯುತ್ತಲೇ ಇದ್ದರೆ ಪ್ರೆಶರ್ ಟೆಸ್ಟ್ (ಒತ್ತಡ ಕೊಟ್ಟು ಸೋರಿಕೆ ಹುಡುಕುವುದು) ಮಾಡಿಸಿ.