ಬೆಕ್ಕಿಗೆ ಇನ್ಶೂರೆನ್ಸ್ ಆರಿಸುವಾಗ ಎರಡನೇ ವರ್ಷವನ್ನ ನೋಡಿ

ಇಂಗ್ಲೆಂಡಿಗೆ ಹೊಸದಾಗಿ ಬಂದು ಬೆಕ್ಕು ಸಾಕೋಕೆ ಹೊರಟ ಕನ್ನಡದವರು ಸಿಕ್ಕಿದಾಗ ನನ್ನ ಹತ್ತಿರ ಮೊದಲು ಕೇಳೋದು, "ತಿಂಗಳಿಗೆ ಎಷ್ಟು ಕಟ್ತೀರಿ?" ಅಂತ. ಪ್ರೀಮಿಯಂ ಆಮೇಲೆ ನೋಡಿ ಅಂತೀನಿ ನಾನು. ಬೆಕ್ಕಿಗೆ ಈ ವರ್ಷ ಒಂದು ಕಾಯಿಲೆ ಬಂತು ಅಂದುಕೊಳ್ಳಿ. ಮುಂದಿನ ವರ್ಷವೂ ಅದೇ ಕಾಯಿಲೆಗೆ ಆ ಪಾಲಿಸಿ ದುಡ್ಡು ಕೊಡುತ್ತಾ? ಮೊದಲು ತಿಳಿದುಕೊಳ್ಳಬೇಕಾದದ್ದು ಇದು. ರೆಡಿಂಗ್‌ನಲ್ಲಿ ನಮ್ಮ ಮನೆಯಲ್ಲಿ ಎರಡು ಬೆಕ್ಕುಗಳಿವೆ. ಕರಿಯ ದೊಡ್ಡವನಾದ ಮೇಲೆ ಆಶ್ರಯ ಕೇಂದ್ರದಿಂದ ಬಂದವನು, ಮುತ್ತಿ ಮರಿಯಿದ್ದಾಗಲೇ ಬಂದವಳು. ಇಬ್ಬರಿಗೂ ಪಾಲಿಸಿ ಹುಡುಕಿದ ರೀತಿಯೇ ಬೇರೆ ಬೇರೆ, ಅದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಮನುಷ್ಯರಿಗಾದರೆ ಇಲ್ಲಿ ಎನ್‌ಎಚ್‌ಎಸ್ ಅನ್ನೋ ಸರ್ಕಾರಿ ಆರೋಗ್ಯ ಸೇವೆ ಇದೆ, ಬೆಕ್ಕಿಗೆ ಅಂಥದ್ದೇನೂ ಇಲ್ಲ. ರಾತ್ರಿ ಹೊತ್ತು ತುರ್ತಾಗಿ ವೆಟ್, ಅಂದರೆ ಪಶುವೈದ್ಯರ ಹತ್ತಿರ ಹೋದರೆ ಬರೀ ನೋಡೋದಕ್ಕೇ 200 ಪೌಂಡ್ ಮೇಲೆ ಕೇಳುವುದು ಮಾಮೂಲು. ಸ್ಕ್ಯಾನು, ರಕ್ತ ಪರೀಕ್ಷೆ, ಅಡ್ಮಿಟ್ ಮಾಡಿಕೊಳ್ಳೋದು ಎಲ್ಲ ಅದರ ಮೇಲೆ.

ನಮ್ಮ ಸ್ನೇಹಿತರ ಮನೆಯ ಗಂಡು ಬೆಕ್ಕಿನ ಕತೆ ಹೇಳುತ್ತೇನೆ, ಪಾಲಿಸಿಗಳ ವ್ಯತ್ಯಾಸ ಅದರಿಂದಲೇ ಚೆನ್ನಾಗಿ ಅರ್ಥವಾಗುತ್ತದೆ. ಒಂದು ಸಂಜೆ ಅದು ಲಿಟ್ಟರ್ ಟ್ರೇ (ಬೆಕ್ಕಿನ ಮಲಮೂತ್ರಕ್ಕೆ ಇಡುವ ತಟ್ಟೆ) ಹತ್ತುವುದು, ತಿಣುಕುವುದು, ಇಳಿಯುವುದು, ಮತ್ತೆ ಹತ್ತುವುದು ಮಾಡುತ್ತಿತ್ತು. ಟ್ರೇ ಒಣಗಿಯೇ ಇತ್ತು. ನೋಡುವವರಿಗೆ ಮಲಬದ್ಧತೆ ಅನ್ನಿಸುತ್ತದೆ. ಆದರೆ ಗಂಡು ಬೆಕ್ಕು ಹೀಗೆ ಮಾಡಿದರೆ ಮೂತ್ರದ ದಾರಿ ಕಟ್ಟಿಕೊಂಡಿರಬಹುದು, ಬೆಳಗಾಗಲಿ ಅಂತ ಕಾಯುವ ಹಾಗಿಲ್ಲ, ಒಂದೆರಡು ದಿನದಲ್ಲಿ ಜೀವವೇ ಹೋಗಬಹುದು. ಅವರು ರಾತ್ರಿಯೇ ಓಡಿದರು. ವೆಟ್ ಅದಕ್ಕೆ ಅರಿವಳಿಕೆ ಕೊಟ್ಟು ಟ್ಯೂಬ್ ಹಾಕಿ, ಕೆಲವು ದಿನ ಅಲ್ಲೇ ಇಟ್ಟುಕೊಂಡು ಕಳಿಸಿದರು. ಇನ್ಶೂರೆನ್ಸ್‌ನವರು ತಕರಾರಿಲ್ಲದೆ ದುಡ್ಡು ಕೊಟ್ಟರು. ಈ ತೊಂದರೆ ಒಮ್ಮೆ ಬಂದರೆ ಮತ್ತೆ ಬರುವುದು ಜಾಸ್ತಿ. ಮರುವರ್ಷ ಮತ್ತೆ ಕಟ್ಟಿಕೊಂಡಿತು, ಆಗ ಬಂದ ಉತ್ತರ ಬೇರೆ. ಅವರದ್ದು 12 ತಿಂಗಳ ಪಾಲಿಸಿ. ಕಾಯಿಲೆ ಮೊದಲು ಕಾಣಿಸಿಕೊಂಡ ದಿನದಿಂದ 12 ತಿಂಗಳು ಮುಗಿದರೆ ಆ ಕಾಯಿಲೆಗೆ ಬಾಗಿಲು ಮುಚ್ಚಿದ ಹಾಗೆ. ಕಂಪನಿಯೇನೂ ಮೋಸ ಮಾಡಲಿಲ್ಲ, ಕಾಗದದಲ್ಲಿ ಹಾಗೇ ಬರೆದಿತ್ತು. ಎರಡನೇ ಸಲದ ಪೂರ್ತಿ ಬಿಲ್ಲು ಅವರ ಕೈಯಿಂದಲೇ ಹೋಯಿತು.

ಇದಕ್ಕಿಂತ ಸ್ವಲ್ಪ ಮೇಲು ಅನ್ನಿಸುವ ಇನ್ನೊಂದು ಥರ ಇದೆ, ಒಂದು ಕಾಯಿಲೆಗೆ ಇಷ್ಟು ಅಂತ ಮೊತ್ತ ಇಟ್ಟಿರುತ್ತಾರೆ, ವರ್ಷದ ಗಡಿ ಇಲ್ಲ, ಆದರೆ ಮೊತ್ತ ಖರ್ಚಾದರೆ ಮುಗಿಯಿತು. ಅಪಘಾತಕ್ಕೆ ಮಾತ್ರ ಕೊಡುವ ಅಗ್ಗದ ಪಾಲಿಸಿಯೂ ಇದೆ, ಅದರ ಬಗ್ಗೆ ಹೇಳುವಂಥದ್ದೇನಿಲ್ಲ. ನಾನು ಇಬ್ಬರಿಗೂ ತೆಗೆದುಕೊಂಡದ್ದು ಲೈಫ್‌ಟೈಮ್ ಪಾಲಿಸಿ. ಇದರಲ್ಲಿ ಪ್ರತಿ ವರ್ಷ ರಿನ್ಯೂ ಮಾಡಿದಾಗ ಮೊತ್ತ ಮತ್ತೆ ತುಂಬಿಕೊಳ್ಳುತ್ತದೆ, ಹಳೇ ಕಾಯಿಲೆಗೂ ಸಿಗುತ್ತದೆ. ಮಧ್ಯೆ ಒಂದು ಸಲವೂ ತಪ್ಪಿಸಬಾರದು ಅಷ್ಟೇ. ಬೆಕ್ಕುಗಳಿಗೆ ಇದೇ ಸರಿ ಅಂತ ನಾನು ಗಟ್ಟಿಯಾಗಿ ಹೇಳೋದು ಯಾಕೆಂದರೆ, ಬೆಕ್ಕಿಗೆ ವಯಸ್ಸಾದಂತೆ ಬರುವ ಕಾಯಿಲೆಗಳು ಹೆಚ್ಚಾಗಿ ಬಂದು ಹೋಗುವಂಥವಲ್ಲ. ಥೈರಾಯ್ಡ್ ಜಾಸ್ತಿಯಾಗುವುದು, ಮೂತ್ರಪಿಂಡ ಸೋಲುವುದು, ಸಕ್ಕರೆ ಕಾಯಿಲೆ, ಇವು ಬಂದರೆ ಮಾತ್ರೆ ಇಲ್ಲವೇ ಇಂಜೆಕ್ಷನ್, ಆಗಾಗ ರಕ್ತ ಪರೀಕ್ಷೆ ವರ್ಷಗಟ್ಟಲೆ ನಡೆಯುತ್ತದೆ. 12 ತಿಂಗಳ ಪಾಲಿಸಿ ಇಂಥದ್ದಕ್ಕೆ ಏನು ಉಪಯೋಗ?

ಲೈಫ್‌ಟೈಮ್ ಅಂತ ಹೆಸರಿದ್ದರೆ ಸಾಲದು, ವರ್ಷದ ಮೊತ್ತ ಎಷ್ಟು ಅನ್ನೋದು ಮುಖ್ಯ. ಒಂದೆರಡು ಸಾವಿರ ಪೌಂಡಿನ ಲೈಫ್‌ಟೈಮ್ ಪಾಲಿಸಿಗಳೂ ಮಾರುಕಟ್ಟೆಯಲ್ಲಿವೆ. ಮುತ್ತಿಗೆ ಮೊತ್ತ ಆರಿಸುವಾಗ ನನ್ನ ತಲೆಯಲ್ಲಿ ಇದ್ದದ್ದು ಎಫ್‌ಐಪಿ ಅನ್ನೋ ವೈರಸ್ ಕಾಯಿಲೆ. ಮರಿಗಳಿಗೆ, ಎಳೆ ಬೆಕ್ಕುಗಳಿಗೆ ಜಾಸ್ತಿ ಬರುವ ಕಾಯಿಲೆ ಇದು, ಮೊದಲೆಲ್ಲ ಬಂದರೆ ಉಳಿಯುತ್ತಲೇ ಇರಲಿಲ್ಲ. 2021ರಿಂದ ಬ್ರಿಟನ್ನಿನಲ್ಲಿ ವೆಟ್‌ಗಳು ಕಾನೂನುಬದ್ಧವಾಗಿಯೇ ಇದಕ್ಕೆ ಔಷಧಿ ಕೊಡುತ್ತಿದ್ದಾರೆ, ರೆಮ್‌ಡೆಸಿವಿರ್, ಆಮೇಲೆ ಜಿಎಸ್ ಅನ್ನೋ ಮಾತ್ರೆ, ಸಾಮಾನ್ಯವಾಗಿ 84 ದಿನದ ಕೋರ್ಸು. ಎಷ್ಟೋ ಮರಿಗಳು ಬದುಕುತ್ತಿವೆ. ಆದರೆ ಖರ್ಚು ಸಾವಿರಗಳ ಲೆಕ್ಕದಲ್ಲಿ. ಔಷಧಿ ಇದ್ದೂ ದುಡ್ಡಿನ ಮುಖ ನೋಡಿ ಬಿಡುವ ಪರಿಸ್ಥಿತಿ ನನಗೆ ಬೇಡವಾಗಿತ್ತು, ಹಾಗಾಗಿ ವರ್ಷಕ್ಕೆ 7,000 ಪೌಂಡಿನದ್ದು ತೆಗೆದುಕೊಂಡೆ.

ಕರಿಯನ ವಿಷಯ ಕಷ್ಟದ್ದು. ಈಗಾಗಲೇ ಇದ್ದ ಕಾಯಿಲೆಗೆ ಸಾಮಾನ್ಯವಾಗಿ ಯಾರೂ ಕೊಡುವುದಿಲ್ಲ, ಇದು ಎಲ್ಲರಿಗೂ ಗೊತ್ತು. ಗೊತ್ತಿರದ ವಿಷಯ ಏನೆಂದರೆ "ಕಾಯಿಲೆ" ಅಂದರೆ ಡಾಕ್ಟರು ಹೆಸರಿಟ್ಟದ್ದೇ ಆಗಬೇಕಿಲ್ಲ, ಲಕ್ಷಣ ಕಂಡಿದ್ದರೆ ಸಾಕು. ಹಾಗಾಗಿ ಪಾಲಿಸಿ ಕೊಳ್ಳುವ ಮೊದಲೇ ವೆಟ್ ಹತ್ತಿರ ಅವನ ಪೂರ್ತಿ ದಾಖಲೆ ಕೇಳಿ ತರಿಸಿಕೊಂಡೆ. ಕ್ಲೇಮ್ ಹಾಕಿದ ದಿನ ಕಂಪನಿ ಓದುವುದು ಅದನ್ನೇ ಅಲ್ವಾ, ನಾವೇ ಮೊದಲು ಓದೋಣ ಅಂತ. ಅದರಲ್ಲಿ ಅವನನ್ನು ಹಿಂದೆ ಸಾಕಿದವರ ಕಾಲದ ಒಂದು ಸಾಲು ಇತ್ತು: ಎರಡು ಸಲ ವಾಂತಿ, ಊಟ ಬದಲಾಯಿಸಿ ನೋಡಲು ಹೇಳಿದೆ. ಅಷ್ಟೇ. ಈ ಒಂದು ಸಾಲು ಇಟ್ಟುಕೊಂಡು ನಾಳೆ ಹೊಟ್ಟೆ ಕರುಳಿನ ಯಾವ ತೊಂದರೆ ಬಂದರೂ ಇಲ್ಲ ಅನ್ನಬಹುದು.

ನಾನು ಆ ಸಾಲನ್ನು ಹಾಗೇ ಬರೆದು, ಮನಸ್ಸಿಗೆ ಬಂದ ಕೆಲವು ಕಂಪನಿಗಳಿಗೆ ಇಮೇಲ್ ಮಾಡಿ ಕೇಳಿದೆ. ಫೋನಿನಲ್ಲಿ ಹೇಳಿದ ಮಾತು ಬೇಡ, ಬರಹದಲ್ಲೇ ಬೇಕು. ಒಂದು ಕಂಪನಿ ಜೀರ್ಣಕ್ಕೆ ಸಂಬಂಧಿಸಿದ್ದು ಯಾವುದನ್ನೂ ಕೊಡೋದಿಲ್ಲ ಅಂತ ಉತ್ತರಿಸಿತು. ಇನ್ನೊಂದು, ಎರಡು ವರ್ಷದಿಂದ ಲಕ್ಷಣ, ಚಿಕಿತ್ಸೆ, ಸಲಹೆ ಏನೂ ಇಲ್ಲದಿದ್ದರೆ ಹಳೇದು ಅಂತ ಪರಿಗಣಿಸುವುದಿಲ್ಲ ಅಂತ ಬರೆಯಿತು. ಕರಿಯನ ದಾಖಲೆಯಲ್ಲಿ ಆ ವಾಂತಿಯಾಗಿ ಎರಡು ವರ್ಷದ ಮೇಲಾಗಿತ್ತು. ಸ್ವಲ್ಪ ದುಬಾರಿಯಾದರೂ ಅದನ್ನೇ ಆರಿಸಿದೆ. ಆ ಇಮೇಲ್ ಈಗಲೂ ಪಾಲಿಸಿ ಕಾಗದದ ಜೊತೆಗೇ ಇದೆ.

ಬೆಲೆ ವಿಷಯಕ್ಕೆ ಬರುತ್ತೇನೆ. ಒಮ್ಮೆ ಬೆಕ್ಕಿಗೆ ದೊಡ್ಡ ಕಾಯಿಲೆ ಬಂತೆಂದರೆ ನೀವು ಕಂಪನಿ ಬದಲಾಯಿಸುವುದು ಕಷ್ಟ, ಹೊಸಬರಿಗೆ ಅದು ಹಳೇ ಕಾಯಿಲೆ. ಈಗಿರುವ ಕಂಪನಿಯವರು ಏರಿಸಿದಷ್ಟು ಕಟ್ಟಬೇಕು. ಹಾಗಾಗಿ ಇವತ್ತಿನ ಪ್ರೀಮಿಯಂ ನೋಡಿದರೆ ಅರ್ಧವೂ ಗೊತ್ತಾಗುವುದಿಲ್ಲ. ನಾನು ಮಾಡಿದ್ದು ಹೀಗೆ: ಬೆಲೆ ಕೇಳುವ ಫಾರಂನಲ್ಲಿ ಬೇರೆಲ್ಲ ಹಾಗೇ ಇಟ್ಟು, ಹುಟ್ಟಿದ ದಿನ ಮಾತ್ರ ಬದಲಾಯಿಸಿ 10 ವರ್ಷದ ಬೆಕ್ಕಿಗೆ ಎಷ್ಟಾಗುತ್ತದೆ ಅಂತ ನೋಡಿದೆ. ಸುಮ್ನೆ ಬೆಲೆ ನೋಡೋದಕ್ಕೆ ಮಾತ್ರ, ಕೊಳ್ಳುವಾಗ ನಿಜವಾದ ದಿನಾಂಕವೇ ಹಾಕಬೇಕು. ಮರಿಗೆ ಹತ್ತಿರ ಹತ್ತಿರ ಒಂದೇ ಬೆಲೆ ಹೇಳಿದ ಕಂಪನಿಗಳು ಮುದಿ ಬೆಕ್ಕಿಗೆ ತೀರಾ ಬೇರೆ ಬೇರೆ ಹೇಳಿದವು. ಮುತ್ತಿಯ ಪಾಲಿಸಿ ತೀರ್ಮಾನವಾದದ್ದು ಅಲ್ಲಿಯೇ.

ಅದೇ ಪುಟದಲ್ಲಿ ಇನ್ನೊಂದು ನೋಡಿ. ಎಕ್ಸೆಸ್ ಅಂತ, ಬಿಲ್ಲಿನಲ್ಲಿ ಮೊದಲು ನಾವೇ ಕಟ್ಟುವ ಮೊತ್ತ ಇರುತ್ತದೆ, ಅದು ಸಾಮಾನ್ಯ. ಬೆಕ್ಕಿಗೆ ಒಂದು ವಯಸ್ಸಾದ ಮೇಲೆ ಅದರ ಜೊತೆಗೆ ಬಿಲ್ಲಿನಲ್ಲಿ ಶೇಕಡಾ 10 ಅಥವಾ 20 ನಮ್ಮ ಪಾಲು ಅಂತ ಸೇರಿಸುವವರು ತುಂಬಾ ಜನ. 900 ಪೌಂಡ್ ಬಿಲ್ಲು, 100 ಎಕ್ಸೆಸ್, ಶೇಕಡಾ 20 ಪಾಲು ಅಂದರೆ, ಮೊದಲು ಎಕ್ಸೆಸ್ ಕಳೆದು ಲೆಕ್ಕ ಹಾಕಿದರೆ ನಮ್ಮ ಕೈಯಿಂದ 260, ಪಾಲು ಮೊದಲು ತೆಗೆದರೆ 280. ಯಾವ ವಯಸ್ಸಿನಿಂದ ಶುರು, ಯಾವ ಕ್ರಮ, ಎಕ್ಸೆಸ್ ಕಾಯಿಲೆಗೊಂದೋ ವರ್ಷಕ್ಕೊಂದೋ, ಇಷ್ಟು ಕೇಳಿಕೊಳ್ಳಿ.

ಹಲ್ಲಿನ ವಿಷಯ ತುಂಬಾ ಜನ ಓದುವುದೇ ಇಲ್ಲ. ಬೆಕ್ಕುಗಳಿಗೆ ಹಲ್ಲು ಬುಡದಿಂದ ಕರಗುವ ತೊಂದರೆ ಸಾಮಾನ್ಯ, ಕೀಳಿಸಲೇಬೇಕಾಗುತ್ತದೆ. ಕೆಲವು ಪಾಲಿಸಿ ಏಟಾಗಿ ಮುರಿದ ಹಲ್ಲಿಗೆ ಮಾತ್ರ ಕೊಡುತ್ತವೆ. ಕಾಯಿಲೆಗೂ ಕೊಡುವವರು ವರ್ಷಕ್ಕೊಮ್ಮೆ ವೆಟ್ ಹಲ್ಲು ನೋಡಿರಬೇಕು ಅಂತಾರೆ. ಲಸಿಕೆಯೂ ಅಷ್ಟೇ, ತಪ್ಪಿಸಿದರೆ ಆ ಲಸಿಕೆ ತಡೆಯುವ ಕಾಯಿಲೆಗೆ ದುಡ್ಡಿಲ್ಲ. ಅಂದಹಾಗೆ ವೆಟ್ ಕ್ಲಿನಿಕ್ಕುಗಳೇ ತಿಂಗಳಿಗಿಷ್ಟು ಅಂತ ಲಸಿಕೆ, ಚಿಗಟದ ಔಷಧಿ ಸೇರಿಸಿ ಮಾರುವ ಪ್ಲಾನ್ ಇನ್ಶೂರೆನ್ಸ್ ಅಲ್ಲ, ಅದಿದ್ದರೂ ಇದು ಬೇರೆ ಬೇಕು.

ಇನ್ಶೂರೆನ್ಸ್ ಬೇಡ, ಆ ದುಡ್ಡು ಕೂಡಿಡುತ್ತೇನೆ ಅನ್ನುವವರಿದ್ದಾರೆ. ಹಳೇ ಕಾಯಿಲೆಗಳು ತುಂಬಿರುವ 12 ವರ್ಷದ ಬೆಕ್ಕಿಗೆ ನಾನೂ ಅದನ್ನೇ ಹೇಳುತ್ತೇನೆ. ಮರಿಗೆ ಬೇಡ. ತಿಂಗಳಿಗೆ 20 ಪೌಂಡ್ ಇಟ್ಟರೆ ವರ್ಷಕ್ಕೆ 240, ಮೂತ್ರ ಕಟ್ಟಿದ ಒಂದು ರಾತ್ರಿಗೂ ಸಾಲದು.

ನಮ್ಮಂಥವರಿಗೆ ಇನ್ನೊಂದು ಇದೆ. ಡಿಸೆಂಬರಿನಲ್ಲಿ ಊರಿಗೆ ಹೋದರೆ ವಾರಗಟ್ಟಲೆ ಬೆಕ್ಕು ಬೇರೆಯವರ ಮನೆಯಲ್ಲಿರುತ್ತದೆ. ಹೋಗುವ ಮೊದಲು ವೆಟ್‌ಗೆ ಒಂದು ಪತ್ರ ಕೊಡುತ್ತೇನೆ: ಇಂಥವರು ನನ್ನ ಪರವಾಗಿ ಚಿಕಿತ್ಸೆಗೆ ಒಪ್ಪಿಗೆ ಕೊಡಬಹುದು, ಪಾಲಿಸಿ ನಂಬರ್ ಇದು, ಕಂಪನಿ ನಿಮಗೇ ನೇರವಾಗಿ ದುಡ್ಡು ಕಟ್ಟುತ್ತದೆ. ನೇರವಾಗಿ ಕಟ್ಟಿಸಿಕೊಳ್ಳಲು ಎಲ್ಲಾ ಕ್ಲಿನಿಕ್ಕಿನವರೂ ಒಪ್ಪುವುದಿಲ್ಲ, ಮೊದಲೇ ಕೇಳಿ. ಇಲ್ಲದಿದ್ದರೆ ಬೆಕ್ಕು ನೋಡಿಕೊಳ್ಳುವ ಸ್ನೇಹಿತರು ತಮ್ಮ ಕಾರ್ಡಿನಲ್ಲಿ ಸಾವಿರಾರು ಪೌಂಡ್ ಕಟ್ಟಬೇಕಾಗುತ್ತದೆ.

ಪಾಲಿಸಿ ಕೊಂಡ ಮೇಲೆ 14 ದಿನ ಸಮಯ ಇರುತ್ತದೆ, ಬೇಡ ಅನ್ನಿಸಿದರೆ ಬಿಡಬಹುದು. ಕಾಯಿಲೆಗೆ ರಕ್ಷಣೆ ಶುರುವಾಗುವುದೂ ಸಾಮಾನ್ಯವಾಗಿ 14 ದಿನ ಕಳೆದ ಮೇಲೇ, ಹಾಗಾಗಿ ಮರಿ ಮನೆಗೆ ಬಂದ ದಿನವೇ ಶುರು ಮಾಡಿ. ಕ್ಲೇಮ್ ತಿರಸ್ಕಾರವಾಗಿ, ಅದು ಅನ್ಯಾಯ ಅನ್ನಿಸಿದರೆ ಕಂಪನಿಗೆ ದೂರು ಬರೆಯಿರಿ. ಎಂಟು ವಾರದಲ್ಲಿ ಅವರು ಸರಿಯಾಗಿ ಉತ್ತರಿಸದಿದ್ದರೆ ಇಂಥ ದೂರುಗಳನ್ನು ತೀರ್ಮಾನಿಸುವ ಫೈನಾನ್ಷಿಯಲ್ ಒಂಬುಡ್ಸ್‌ಮನ್ ಸರ್ವಿಸ್‌ಗೆ ಹೋಗಬಹುದು, ಅದಕ್ಕೆ ನಾವು ಏನೂ ಕಟ್ಟಬೇಕಿಲ್ಲ. ಅಲ್ಲಿಗೆ ಹೋಗುವಾಗ ವೆಟ್ ದಾಖಲೆಯೂ ಕೊಳ್ಳುವ ಮೊದಲು ಬಂದ ಇಮೇಲುಗಳೂ ಕೈಯಲ್ಲಿರಲಿ.